ಹನ್ನೆರಡಾಣೆ ಕೂಲಿ

ಕೈಮಗ್ಗದ ಹೊಸ ಸೀರೆಯ ಮಡಿಕೆ ಬಿಚ್ಚುವಾಗ ಬರುವ ಗಂಜಿಯ ವಾಸನೆ ನಿಮಗೂ ಗೊತ್ತಿರಬೇಕು. ಬೈಲಹೊಂಗಲದ ನನ್ನ ಹೊಲಿಗೆ ಅಂಗಡಿಗೆ ಮೊನ್ನೆ ಒಬ್ಬ ಟೀಚರು ಫಾಲ್ ಹಚ್ಚಲಿಕ್ಕೆ ಅಂಥದೊಂದು ಸೀರೆ ತಂದರು. ನಾನು ಅದನ್ನು ಮೂಗಿಗೆ ಹಿಡಿದು ನಿಂತೇಬಿಟ್ಟೆ. ಏನಾದರೂ ಕಲೆಯಿದೆಯೇ ಎಂದು ಅವರು ಗಾಬರಿಯಾದರು. ಇಲ್ಲ, ವಾಸನೆ ಚಲೋ ಇದೆ ಎಂದೆ. ಅರವತ್ತು ದಾಟಿದ ಹೆಂಗಸು ಗಿರಾಕಿಯ ಸೀರೆ ಮೂಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ತೋಚಲಿಲ್ಲ.

ಅದು ರಾಮದುರ್ಗದ ನಮ್ಮ ಓಣಿಯ ವಾಸನೆ. ಎಪ್ಪತ್ತರ ದಶಕ, ನನಗೆ ಹದಿನೈದು. ನೀಲಕ್ಕನ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಅಂದರೆ ರಾಟಿ ತಿರುಗಿಸುತ್ತ, ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಗಂಡ ತೀರಿದ ಮೇಲೆ ನೀಲಕ್ಕ ನಾಲ್ಕು ಮಗ್ಗ ನಡೆಸುತ್ತಿದ್ದಳು. ಮೂರರಲ್ಲಿ ಕೂಲಿ ನೇಕಾರರು, ನಾಲ್ಕನೆಯದರಲ್ಲಿ ತಾನೇ. ಕಂಡಿಕೆಗೆ ನಾವು ಮೂವರು: ಕಾಶವ್ವ, ಮಲ್ಲವ್ವ, ಎಲ್ಲರಿಗಿಂತ ಸಣ್ಣವಳು ನಾನು. ನನ್ನ ನೂಲು ದಿನಕ್ಕೆ ಹತ್ತು ಸಲವಾದರೂ ಹರಿಯುತ್ತಿತ್ತು. ನನ್ನಷ್ಟು ಚುರುಕಿನವಳು ಓಣಿಯಲ್ಲಿಲ್ಲ ಎಂದು ನಾನೊಬ್ಬಳೇ ನಂಬಿದ್ದೆ. ದಿನಕ್ಕೆ ಹನ್ನೆರಡಾಣೆ ಸಿಗುತ್ತಿತ್ತು.

ಆ ವರ್ಷ ಸರ್ಕಾರ ಕನಿಷ್ಠ ಕೂಲಿ ಏರಿಸಿತು. ಕಂಡಿಕೆಯವರಿಗೂ ಹೆಚ್ಚುಕಡಿಮೆ ಇಮ್ಮಡಿ ಕೊಡಬೇಕಂತೆ. ಸುದ್ದಿ ಕೇಳಿ ನಾನು ಮನಸ್ಸಿನಲ್ಲೇ ಎರಡು ರವಿಕೆ ಹೊಲಿಸಿದೆ. ಓಣಿಯ ಮಗ್ಗದ ಮಾಲಕರು ಮಾತ್ರ ಒಂದು ಕಡೆ ಕೂತು ಬೇರೆಯದನ್ನೇ ತೀರ್ಮಾನಿಸಿದರು: ಕೊಡುವುದು ಹಳೆಯ ಕೂಲಿಯೇ, ತಪಾಸಣೆಯ ಸಾಹೇಬರು ಬಂದು ಕೇಳಿದರೆ ಹುಡುಗಿಯರು ಹೊಸದನ್ನು ಹೇಳಬೇಕು. ಎರಡೋ ಮೂರೋ ಮಗ್ಗದವರು ಬೇರೇನು ಮಾಡಿಯಾರು ಎಂದು ನಮ್ಮ ಅವ್ವನೂ ಅವರ ಪರವಾಗಿಯೇ ಮಾತಾಡಿದಳು. ನೀಲಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನಂತೂ ಆ ಸುಳ್ಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡೆ.

ಲೇಬರ್ ಸಾಹೇಬರು ಬಂದರು. ತೆಳ್ಳಗಿನ, ಮೆತ್ತಗಿನ ಮಾತಿನ ಮನುಷ್ಯ. ಅಷ್ಟು ಜನರಿದ್ದರೂ ನನ್ನ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ದಿನಕ್ಕೆ ಎಷ್ಟು ಕೊಡುತ್ತಾರವ್ವ ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀಲಕ್ಕನ ಮಗ್ಗದ ಸಪ್ಪಳ ನಿಂತಿತು.

“ಆಕಿನ್ನ ಕೇಳಬ್ಯಾಡ್ರಿ ಸಾಹೇಬ್ರ. ನೀವು ಹೇಳಿದಷ್ಟು ನಾ ಕೊಡೂದಿಲ್ಲ. ಹನ್ನೆರಡಾಣೆ ಕೊಡತೇನಿ. ತಪ್ಪು ನಂದ ಐತಿ.”

ಸಾಹೇಬರು ಎದ್ದು ನಿಂತರು. ಬರೆಯಲು ತೆಗೆದ ಪೆನ್ನು ಕೈಯಲ್ಲೇ ಉಳಿಯಿತು. ಇನ್ನು ಮುಂದೆ ಕೊಡುತ್ತೀರಾ ಎಂದು ಕೇಳಿದರು.

“ಇಬ್ಬರಿಗೆ ಕೊಡತೇನ್ರಿ. ಮೂವರಿಗೂ ಕೊಡೂದು ನನ್ನ ಕಡಿಂದ ಆಗೂದಿಲ್ಲ.”

ದೊಡ್ಡವರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಳ್ಳುವುದನ್ನು, ಅದೂ ಸರ್ಕಾರದವರ ಎದುರು, ನಾನು ಅದುವರೆಗೆ ಕಂಡಿರಲಿಲ್ಲ. ಆ ಬೆರಗಿನಲ್ಲಿ ಎರಡನೆಯ ಮಾತಿನ ಅರ್ಥ ನನಗೆ ಹೊಳೆಯಲೇ ಇಲ್ಲ. ಸಾಹೇಬರು ದಂಡ ಹಾಕದೆ, ಒಂದು ವಾರದ ಗಡುವು ಕೊಟ್ಟು ಹೋದ ಮೇಲೆ ನೀಲಕ್ಕ ನಮ್ಮನ್ನು ಕೂರಿಸಿಕೊಂಡಳು.

“ಕಾಶವ್ವನ ಅಪ್ಪ ಹಾಸಿಗಿ ಹಿಡದಾನ. ಮಲ್ಲವ್ವಗ ತಾಯಿಲ್ಲ. ನೀನ ಬಿಡಬೇಕವ್ವಾ,” ಎಂದಳು ನನಗೆ. ದನಿ ತಗ್ಗಿಸಲಿಲ್ಲ, ಕಣ್ಣು ತಪ್ಪಿಸಲಿಲ್ಲ.

ಅವ್ವ ಜಗಳಕ್ಕೆಂದೇ ಹೋದಳು. ಹೋದಷ್ಟೇ ಬೇಗ ತಿರುಗಿ ಬಂದು ಒಲೆ ಹೊತ್ತಿಸತೊಡಗಿದಳು. ನನ್ನ ರಾಟಿಯ ಮುಂದೆ ನೀಲಕ್ಕನೇ ಕೂತಿದ್ದಳಂತೆ. ಕೋಳಿ ಕೂಗುವ ಮೊದಲೇ ಎದ್ದು ನನ್ನ ಪಾಲಿನ ಕಂಡಿಕೆ ಸುತ್ತಿ, ಆಮೇಲೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಯುತ್ತಿದ್ದಳಂತೆ. ನಿಜ ಹೇಳಿದ್ದಕ್ಕೆ ಓಣಿಯ ಮಾಲಕರು ಆಕೆಯ ಜೊತೆ ಮಾತು ಬಿಟ್ಟಿದ್ದರು. ಅವರಲ್ಲಿ ಕೆಲವರು ಕೂಲಿ ಏರಿಸಿದರು, ಕೆಲವರು ಸಣ್ಣ ಹುಡುಗಿಯರನ್ನೆಲ್ಲ ಬಿಡಿಸಿಬಿಟ್ಟರು. ಆ ಕಾಯ್ದೆ ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಕಾಶವ್ವನ ತಮ್ಮ ಸಾಲೆ ಬಿಡದೆ ಉಳಿದದ್ದು ಆ ಕೂಲಿಯಿಂದ. ನಮ್ಮ ಮನೆಯಲ್ಲಿ ಎರಡು ತಿಂಗಳು ಬೇಳೆ ಬೇಯಲಿಲ್ಲ. ಅದೂ ಆ ಕೂಲಿಯಿಂದಲೇ.

ನಾನು ನೀಲಕ್ಕನ ಮನೆ ತಪ್ಪಿಸಿ ಹಿಂದಿನ ಸಂದಿಯಲ್ಲಿ ಓಡಾಡುತ್ತಿದ್ದೆ. ಅದು ಆಕೆಗೆ ದೊಡ್ಡ ಶಿಕ್ಷೆಯೆಂದು ನನ್ನ ಎಣಿಕೆ. ಒಂದು ದಿನ ಆಕೆಯೇ ನಮ್ಮ ಮನೆಗೆ ಬಂದಳು. ಬೈಲಹೊಂಗಲದಲ್ಲಿ ತನ್ನ ತಂಗಿ ಹೊಲಿಗೆ ಮಾಡುತ್ತಾಳೆ, ಇವಳನ್ನು ಇಟ್ಟುಕೊಂಡು ಕಲಿಸುತ್ತಾಳೆ, ಊಟ ಅವರದೇ ಎಂದು ಅವ್ವನಿಗೆ ಹೇಳಿದಳು. ಸವದತ್ತಿಯಲ್ಲಿ ಬಸ್ಸು ಬದಲಿಸಿ ಆಕೆಯೇ ನನ್ನನ್ನು ಕರೆತಂದು ಬಿಟ್ಟಳು. ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡೇ ಕೂತಿದ್ದೆ. ನಾಲ್ಕು ವರ್ಷದ ಹಿಂದೆ ಆಕೆ ತೀರಿಕೊಂಡಳು. ಆ ಊದಿಸಿದ ಮುಖಕ್ಕೆ ತಪ್ಪಾಯಿತು ಎಂದು ನಾನು ಹೇಳಲೇ ಇಲ್ಲ.

ಟೀಚರು ಹೋದ ಮೇಲೂ ನನಗೆ ಕೆಲಸ ಸಾಗಲಿಲ್ಲ. ಈಗ ಸರ್ಕಾರದ ಕೂಲಿ ಮತ್ತೆ ಏರಿದೆ. ನನ್ನ ಬಳಿ ಹೊಲಿಯುವ ಇಬ್ಬರು ಹುಡುಗಿಯರಿಗೆ ಅದು ಗೊತ್ತಿರಲಿಲ್ಲ. ಹಬ್ಬ ಮುಗಿಯಲಿ, ಮದುವೆ ಸೀಜನ್ ಮುಗಿಯಲಿ ಎಂದು ನಾನೇ ಮುಂದೂಡುತ್ತ ಬಂದಿದ್ದೆ. ಅವತ್ತು ಹೇಳಿಬಿಟ್ಟೆ: ಕೊಡಬೇಕಾದದ್ದು ಇಷ್ಟು, ನಾನು ಕೊಡುತ್ತಿರುವುದು ಅದಕ್ಕಿಂತ ಕಡಿಮೆ, ತಪ್ಪು ನನ್ನದು.

ದೊಡ್ಡ ಹುಡುಗಿ ಕತ್ತರಿ ಕೆಳಗಿಟ್ಟಳು. “ಹಂಗಾದ್ರ ನಮ್ಮಾಗ ಒಬ್ಬಾಕಿನ್ನ ಬಿಡಸ್ತೀರೇನ್ರಿ ಅಕ್ಕಾರ?”

ನನಗೆ ಭಯವಾಯಿತು. ಅವತ್ತು ಮಗ್ಗದ ಕುಣಿಯಲ್ಲಿ ಕೂತಿದ್ದ ನೀಲಕ್ಕನಿಗೂ ಹೀಗೆಯೇ ಆಗಿದ್ದಿರಬೇಕು. ಆದರೂ ಆಕೆಯ ದನಿ ಎಲ್ಲಿಯೂ ನಡುಗಿರಲಿಲ್ಲ. ಎಷ್ಟು ದೊಡ್ಡವಳಿದ್ದಳು ಆಕೆ!

“ಇನ್ನೂ ಗೊತ್ತಿಲ್ಲವ್ವಾ,” ಎಂದೆ. “ಮಿಷನ್ ಬಂದ್ ಮಾಡ್ರಿ. ಮೂರೂ ಮಂದಿ ಕುಂತು ಲೆಕ್ಕ ನೋಡೂಣು.”