ಧೂಳಿಲ್ಲದ ದಿವಸ

ರಾಜ್ಯ ಒಂದಾದ ಮರುವರ್ಷ ನಮ್ಮ ಕಚೇರಿಗೊಂದು ಹೊಸ ಸುತ್ತೋಲೆ ಬಂತು. ಅದಕ್ಕೂ ಮೊದಲು ಕಲ್ಲಿನ ಖಣಿ ತೆಗೆಯುವ ಮುನ್ನವೇ ಊರವರ ತಕರಾರು ಕೇಳುತ್ತಿದ್ದೆವು. ಇನ್ನು ಮೇಲೆ ಖಣಿ ಶುರುವಾದ ನಂತರ ಹೋಗಿ, ತೊಂದರೆ ಕಣ್ಣಿಗೆ ಕಂಡರಷ್ಟೇ ಬರೆಯಬೇಕು. ಕೆಳಗೆ ಇನ್ನೊಂದು ಸಾಲಿತ್ತು: ತಪಾಸಣೆಯ ದಿನ ಅಧಿಕಾರಿಯ ತಲೆಗೆ ಕಲ್ಲು ಸಿಡಿಯದಂತೆ ಖಣಿಯ ಕೆಲಸ ನಿಲ್ಲಿಸತಕ್ಕದ್ದು. ಬರೆದ ಪುಣ್ಯಾತ್ಮ ಯಾರೋ, ಎರಡೂ ಸಾಲನ್ನು ಒಟ್ಟಿಗೆ ಓದಿರಲಿಕ್ಕಿಲ್ಲ.

ಗಜೇಂದ್ರಗಡದ ನೇಕಾರರು ಅರ್ಜಿ ಕೊಟ್ಟಿದ್ದರು. ಗುಡ್ಡದಲ್ಲಿ ಕಲ್ಲು ಒಡೆಯುವ ಧೂಳು ಹಾರಿ ಬಂದು, ಓಣಿಯಲ್ಲಿ ಗಂಜಿ ಹಚ್ಚಿ ಒಣಗಲು ಬಿಟ್ಟ ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದೆಳೆಗಳಿಗೆ, ಮೆತ್ತುತ್ತದೆ, ನೇಯುವಾಗ ಎಳೆ ಹರಿಯುತ್ತದೆ ಎಂದು. ನಾನು ಹೋದಾಗ ಖಣಿ ಬಂದ್. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಮನೆಯವರೂ ಹಾಸು ಎಳೆದು ಕಟ್ಟಿ ಕುಂಚದಿಂದ ಗಂಜಿ ತಿಕ್ಕುತ್ತಿದ್ದರು.

ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದ್ದ ಮುದುಕಿಯ ಮೇಲೆ ರೇಗಿದೆ. "ಏನವ್ವಾ, ಇವತ್ತೊಂದಿನ ಹಾಸು ಒಳಗ ಇಡಬಾರದಿತ್ತೇನ? ತೊಂದರಿ ಎಲ್ಲೈತಿ ಅಂತ ಬರೀಲಿ?"

"ಮೂರು ತಿಂಗಳಾದ ಮ್ಯಾಲ ಇಂಥಾ ದಿವಸ ಸಿಕ್ಕೈತ್ರಿ ಸಾಹೇಬ್ರ. ಬಿಡಾಕ ಹ್ಯಾಂಗ ಆಗತೈತಿ?" ಎಂದಳು, ಕುಂಚ ನಿಲ್ಲಿಸದೆ.

'ತೊಂದರೆ ಕಾಣಲಿಲ್ಲ' ಎಂದೇ ಬರೆಯಬೇಕಾಯಿತು. ಅದನ್ನೇ ಅವಳಿಗೆ ಓದಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಖರೇ ಐತ್ರಿ, ಇವತ್ತ ಏನೂ ತೊಂದರಿ ಇಲ್ಲ," ಎಂದಳು. "ನೀವು ದಿನಾ ಬರ್ರಿ."

ಇಡೀ ನೌಕರಿಯಲ್ಲಿ ನಾನು ಹೋದದ್ದರಿಂದ ಒಂದು ಊರಿಗೆ ಉಪಯೋಗವಾದದ್ದು ಅದೊಂದೇ ದಿನ.