ಟವರನ್ನೂ ನಂಬದ ಶಶಿಕಲಾ ಮೇಡಂ

ಎಲ್ಲರೂ ನಗುತ್ತಿದ್ದಾಗಲೂ ಶಶಿಕಲಾ ಮೇಡಂ ಮುಖದಲ್ಲಿ ಗ್ಯಾಸ್ ಆರಿಸದೆ ಮನೆಬಿಟ್ಟು ಬಂದವರ ಕಳವಳ ಇರುತ್ತಿತ್ತು. ಗುಲ್ಬರ್ಗಾ ಕಡೆಯವರು. ಹೈದರಾಬಾದಿಗೆ ಐಟಿ ಕಂಪನಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲವದು. ಟವರಿನಿಂದ ತಂತಿಯಿಲ್ಲದೆ ಮನೆಗೆ ಇಂಟರ್ನೆಟ್ ತರುವ ಮೋಡೆಮ್ ತಯಾರಿಸುತ್ತಿದ್ದ ನಮ್ಮ ಕಂಪನಿಯಲ್ಲಿ ಅವರು ಪರೀಕ್ಷಾ ವಿಭಾಗದ ಮುಖ್ಯಸ್ಥೆ, ಮೈಸೂರಿನಿಂದ ಬಂದ ನಾನು ಅವರ ಕೈಕೆಳಗಿನ ಹೊಸಬ. ಫೋನ್ ಬಂದರೆ ಮೇಡಂ ತಾವಾಗಿ ಹಲೋ ಎನ್ನುತ್ತಿರಲಿಲ್ಲ. ಆ ಕಡೆಯವರು ಬಾಯಿ ಬಿಡಲಿ ಎಂದು ಕಾಯುತ್ತಿದ್ದರು. ನಮಗೆಲ್ಲ ಇದು ದೊಡ್ಡ ತಮಾಷೆ.

ಮೊದಲ ವಾರವೇ ಲ್ಯಾಬಿನಲ್ಲಿ ಒಂದು ಪುಟ್ಟ ಪೆಟ್ಟಿಗೆಯನ್ನು ಸುಳ್ಳು ಟವರ್ ಮಾಡಿ ನನ್ನೆದುರು ಇಟ್ಟರು. ಮೇಜಿನ ಮೇಲಿದ್ದ ಮೋಡೆಮ್ ಹಿಂದೆಮುಂದೆ ನೋಡದೆ ಅದಕ್ಕೆ ಅಂಟಿಕೊಂಡಿತು.

"ನೋಡು ತಮ್ಮಾ, ಟವರ್ ನಮ್ಮ ಗುರುತು ಕೇಳತೈತಿ. ನಾವು ಅದರ ಗುರುತು ಕೇಳಬಾರದೇನು? ಕೇಳಲಿಲ್ಲಂದ್ರ ನಾವು ಬರದದ್ದು, ಓದಿದ್ದು ಎಲ್ಲಾ ಯಾವನೋ ಕುಂತು ನೋಡತಾನ."

ಟವರಿನ ಗುರುತು ಕೇಳುವ ಆ ತಪಾಸಣೆಯನ್ನು ಹಟ ಹಿಡಿದು ಮೋಡೆಮ್‌ಗೆ ಹಾಕಿಸಿದವರು ಅವರೇ. ಲ್ಯಾಬಿನಲ್ಲಿ ಮಾತ್ರ, ಪರೀಕ್ಷೆ ಬೇಗ ಮುಗಿಯಲೆಂದು ನಾವು ಅದನ್ನು ಆಫ್ ಮಾಡಿಕೊಳ್ಳುತ್ತಿದ್ದೆವು.

ಅಲ್ಲೇ ಎಡವಟ್ಟಾಯಿತು. ಹೈದರಾಬಾದಿನದೇ ಬಡಾವಣೆ ಮಿಯಾಪುರದ ಒಂದು ಅಪಾರ್ಟ್‌ಮೆಂಟಿಗೆ ಹೋದ ಮೊದಲ ಮೋಡೆಮ್‌ಗಳಲ್ಲಿ ತಪಾಸಣೆ ಆಫ್ ಆಗಿಯೇ ಇತ್ತು. ಗೊತ್ತಾದ ದಿನ ಮೇಡಂ ಊಟದ ಡಬ್ಬಿ ತೆರೆಯಲಿಲ್ಲ. ಸರಿಯಾದ ತಂತ್ರಾಂಶವನ್ನು ಟವರಿನ ಮೂಲಕವೇ ಕಳಿಸಿದರಾಯಿತು ಎಂದರು ಮ್ಯಾನೇಜರ್.

"ಅವು ಈಗಾಗಲೇ ಕಳ್ಳ ಟವರಿಗೆ ಅಂಟಿದ್ರ ನಾವು ಕಳಿಸಿದ್ದು ಮುಟ್ಟತೈತೇನ್ರಿ ಸರ್? ಮನಿ ಮನಿಗೆ ಹೋಗಿ ಬದಲಿ ಮಾಡಬೇಕ್ರಿ."

ಮ್ಯಾನೇಜರ್ ಒಲ್ಲದ ಮನಸ್ಸಿನಿಂದ ಒಪ್ಪಿದರು, ಆದರೆ ಕಾರಣ ಮಾತ್ರ ಯಾರಿಗೂ ಹೇಳಕೂಡದು, ಹೊಸ ಮಾಡೆಲ್ ಬಂದಿದೆ ಎಂದರೆ ಸಾಕು ಎಂದರು. ಮೇಡಂ ಆಗಲೇ ಬದಲಿ ಮೋಡೆಮ್‌ಗಳನ್ನು ಎಣಿಸತೊಡಗಿದ್ದರು.

ಮಿಯಾಪುರದಲ್ಲಿ ಅವರು ಪ್ರತಿ ಬಾಗಿಲಲ್ಲೂ ತಮ್ಮ ಹರಕುಮುರುಕು ತೆಲುಗಿನಲ್ಲಿ ನಡೆದದ್ದನ್ನು ನಡೆದಂತೆ ಹೇಳಿಬಿಟ್ಟರು. ಕೆಲವರು ಬೈದರು, ಕೆಲವರು ನೀರು ಕೊಟ್ಟರು. ಮೋಡೆಮ್ ಪೆಟ್ಟಿಗೆ ಹೊತ್ತು ನಾನು ಅವರ ಹಿಂದೆ ನಿಂತಿದ್ದೆ. ಕೊನೆಯ ಮನೆಯ ಅಜ್ಜಿ ಗ್ರಿಲ್ ಬಾಗಿಲನ್ನು ತೆಗೆಯಲೇ ಇಲ್ಲ. ಮೇಡಂ ಐಡಿ ಕಾರ್ಡ್ ತೋರಿಸಿದರೆ, ಇಂಥದ್ದನ್ನು ಯಾರು ಬೇಕಾದರೂ ಮಾಡಿಸಿಕೊಳ್ಳುತ್ತಾರೆ ಎಂದು ಹೇಳಿ ಅಜ್ಜಿ ಒಳಗೆ ಹೋದರು. ಆ ದಿನ ಮೇಡಂ ನಕ್ಕಿದ್ದು ಆಗೊಮ್ಮೆಯೇ.

"ನಮ್ಮ ಮೋಡೆಮ್‌ಗಿಂತ ಈಕಿ ಭಾಳ ಶ್ಯಾಣ್ಯಾಕಿ."

ಬೈದವರಲ್ಲಿ ಒಬ್ಬರು ಕಂಪನಿಗೆ ದೂರು ಕೊಟ್ಟಾಗ ಮೇಡಂ ಕಾರಣ ಹೇಳಿದ್ದು ಹೊರಬಿತ್ತು. ಮರುದಿನವೇ ಮ್ಯಾನೇಜರ್ ಅವರಿಗೆ ಕೆಲಸ ಬಿಡಲು ಹೇಳಿದರು. ಮೇಡಂ ಗೇಟಿನ ಹತ್ತಿರ ಆಟೋ ಕಾಯುತ್ತ ನಿಂತಿದ್ದರು. ಓಡಿಹೋದೆ. ನೌಕರಿಯ ಮಾತನ್ನೇ ಅವರು ಎತ್ತಲಿಲ್ಲ.

"ಆ ಅಜ್ಜಿ ಮನಿ ಒಂದು ಉಳದೈತಿ. ಮಗ ಸಂಜೀಕ ಬರ್ತಾನಂತ ಬಾಜೂ ಮನಿಯವರು ಹೇಳ್ಯಾರ, ಹೋಗಿ ಬಾ. ಏನ್ ಹೇಳತಿ ಅನ್ನೂದು ನಿನಗ ಬಿಟ್ಟದ್ದು ತಮ್ಮಾ, ನಿನ್ನ ನೌಕರಿ ಇನ್ನೂ ಹೊಸಾದು."

ಆಮೇಲೆ ಅವರು ನನಗೆ ಸಿಗಲೇ ಇಲ್ಲ. ಅಂದು ಸಂಜೆ ಒಬ್ಬನೇ ಮಿಯಾಪುರಕ್ಕೆ ಹೋದೆ. ಅಜ್ಜಿಯ ಮಗ ಬಾಗಿಲು ತೆರೆದು, ಇರುವುದೇ ಚೆನ್ನಾಗಿ ನಡೆಯುತ್ತಿದೆಯಲ್ಲ, ಯಾಕೆ ಬದಲಿಸುತ್ತೀರಿ ಎಂದು ಕೇಳಿದರು. ಮೋಡೆಮ್ ಪೆಟ್ಟಿಗೆಯನ್ನು ಕೆಳಗಿಟ್ಟೆ.

"ಕೂತು ಹೇಳ್ತೀನಿ ಸರ್," ಎಂದೆ. "ನಿಮ್ಮ ತಾಯಿಯನ್ನೂ ಕರೀರಿ."