ಅವಕಾಶ ಎಂದರೆ ಅವಕಾಶ

ಆ ಅಭಿಪ್ರಾಯಕ್ಕೆ ಸಹಿ ಹಾಕುವಾಗ ಕಡಮಣ್ಣಾಯರು ನಕ್ಕರೋ ಇಲ್ಲವೋ, ನನಗೆ ಖಚಿತವಿಲ್ಲ. ಈ ಕಥೆ ಹೇಳಿದಾಗಲೆಲ್ಲ ನಾನು ಅವರನ್ನು ನಗಿಸಿದ್ದೇನೆ. ಸಿಟ್ಟಿನವನ ನೆನಪು ಎದುರಿಗಿದ್ದವನ ಮುಖವನ್ನು ತಿದ್ದುತ್ತಲೇ ಇರುತ್ತದೆ ಎಂದು ಗೊತ್ತು. ಆದರೆ ಅವರ ಎಡಗೈಗೆ ನಾನೇನೂ ಸೇರಿಸಿಲ್ಲ. ಯಾವ ಫೈಲು ಬಂದರೂ ಅಧಿಕಾರಿ ಕೇಳಿದ ಪ್ರಶ್ನೆಯೊಂದನ್ನು ಬಿಟ್ಟು ಪುಟದ ಉಳಿದದ್ದನ್ನೆಲ್ಲ ಆ ದಪ್ಪ ಅಂಗೈಯಿಂದ ಮುಚ್ಚಿ ಓದುತ್ತಿದ್ದರು. ಪರೀಕ್ಷೆಯಲ್ಲಿ ಪಕ್ಕದವನು ನೋಡದಂತೆ ಉತ್ತರ ಮುಚ್ಚಿಕೊಳ್ಳುವ ಹುಡುಗನ ಹಾಗೆ.

ಕೊಚ್ಚಿಯಲ್ಲಿ ಸರ್ಕಾರಿ ಅಧಿಕಾರಿಗಳಿಗೆ ಕಾನೂನು ಸಲಹೆ ಬರೆದುಕೊಡುವುದು ಅವರ ಕೆಲಸ. ನಾನು ಅವರ ಕೈಕೆಳಗೆ ಗುತ್ತಿಗೆಯ ಸಹಾಯಕ. 'ಇದನ್ನು ಮಾಡಲು ನನಗೆ ಅಧಿಕಾರವಿದೆಯೇ' ಎಂದು ಜಿಲ್ಲೆಗಳಿಂದ ಬರೆದು ಕೇಳುತ್ತಿದ್ದರು. ಇದೆ ಅಥವಾ ಇಲ್ಲ ಎಂದು ಇವರು ಇಂಗ್ಲಿಷಿನಲ್ಲಿ ಕಾರಣಸಹಿತ ಬರೆಯುತ್ತಿದ್ದರು. ಒಮ್ಮೆ ಬರೆದರೆ ಆ ಗೆರೆ ದಾಟುವ ಧೈರ್ಯ ಯಾವ ಅಧಿಕಾರಿಗೂ ಇರಲಿಲ್ಲ. ಅಷ್ಟು ಬಿಗಿಯಾದ ವಾಕ್ಯಗಳನ್ನು ನಾನು ಬೇರೆಲ್ಲೂ ಓದಿಲ್ಲ. ಅವರ ಬಗ್ಗೆ ನಾನು ಹೇಳಬಹುದಾದ ಒಳ್ಳೆಯ ಮಾತು ಇದೊಂದೇ.

ಏಲೂರಿನ ಒಂದು ಕಾರ್ಖಾನೆಯ ಹಿಂದಿನ ಗೇಟಿನಿಂದ ಒಳಹೋಗಿ ನೀರಿನ ಮಾದರಿ ತೆಗೆಯಬಹುದೇ ಎಂದು ಒಬ್ಬ ಅಧಿಕಾರಿ ಕೇಳಿದ್ದ. ಹಿಂದಿನ ಗೇಟಿನಿಂದ ಹೋಗುವ ಅಧಿಕಾರವಿಲ್ಲ ಎಂದು ಉತ್ತರ ಹೋಯಿತು.

"ಮುಂದಿನ ಗೇಟಿನಿಂದ ಹೋಗಬಹುದಲ್ಲ ಸಾರ್? ಅದನ್ನೂ ಒಂದು ಸಾಲು ಬರೆದಿದ್ದರೆ?"

"ಅವ ಕೇಳಲಿಲ್ಲವಲ್ಲ ಮಾರಾಯಾ. ಕೇಳಿದ್ದಕ್ಕೆ ಉತ್ತರ. ಕೇಳದ್ದಕ್ಕೆ ದೇವರುಂಟು."

ಆಗ ನಾನು ನಕ್ಕಿದ್ದೆ. ಎಡಪ್ಪಳ್ಳಿಯಲ್ಲಿ ಗೆಳೆಯರಿಗೆಲ್ಲ ಇದನ್ನು ಹೇಳಿ ನಗಿಸಿದ್ದೆ. ಲಲಿತಕ್ಕನ ಮನವಿ ಬರುವವರೆಗೂ ಅದು ತಮಾಷೆಯಾಗಿಯೇ ಇತ್ತು.

ಲಲಿತಕ್ಕ ಕಾಸರಗೋಡಿನ ಕಡೆಯವರು, ಊರಲ್ಲಿ ಹೊಲಿಗೆ ಅಂಗಡಿ. ಮಗಳು ಶ್ರುತಿ ಅಲ್ಲಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೆಯ ತರಗತಿ. ಆ ವರ್ಷ ಗಣಿತಕ್ಕೆ ನೇಮಕವಾಗಿ ಬಂದ ಮೇಷ್ಟರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಅವರು ಮಲಯಾಳದಲ್ಲಿ ಪಾಠ ಮಾಡುತ್ತಿದ್ದರು, ಮಕ್ಕಳು ಬೋರ್ಡಿನ ಅಂಕಿಗಳನ್ನಷ್ಟೇ ಬರೆದುಕೊಳ್ಳುತ್ತಿದ್ದರು. ಪೋಷಕರು ಕನ್ನಡದಲ್ಲಿ ಒಂದು ಮನವಿ ಬರೆದರು. ಭಾಷಾ ಅಲ್ಪಸಂಖ್ಯಾತರು ತಮ್ಮ ಹಕ್ಕಿಗೆ ಧಕ್ಕೆಯಾಗಿದೆ ಎಂದು ದೂರಿದರೆ ಜಿಲ್ಲೆಯ ಶಿಕ್ಷಣಾಧಿಕಾರಿ ತಾನೇ ತಾತ್ಕಾಲಿಕ ಮೇಷ್ಟರನ್ನು ಕೊಡಬಹುದು ಎಂಬ ಸಣ್ಣ ಕಿಂಡಿ ನಿಯಮದಲ್ಲಿತ್ತು. ಆ ಅಧಿಕಾರಿ ಒಳ್ಳೆಯವನು, ಆದರೆ ಪುಕ್ಕಲ. ಈ ಮನವಿಯ ಮೇಲೆ ನನಗೆ ಅಧಿಕಾರವಿದೆಯೇ ಎಂದು ಕೇಳಿ ಕಳಿಸಿದ. ಸಾಲದ್ದಕ್ಕೆ ಫೋನೂ ಮಾಡಿದ. "ಒರು ವಳಿ ಪರಯೂ ಸಾರೇ," ಏನಾದರೂ ಒಂದು ದಾರಿ ಹೇಳಿ ಎಂದು ಗೋಗರೆದ.

ಇಡೀ ಕಚೇರಿಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ಮನವಿಯಲ್ಲಿದ್ದದ್ದು ಹೀಗೆ: 'ಕನ್ನಡದಲ್ಲಿ ಕಲಿಯುವ ನಮ್ಮ ಮಕ್ಕಳ ಅವಕಾಶವನ್ನು ಉಳಿಸಿಕೊಡಬೇಕು.' ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು. ಕಾಸರಗೋಡಿನವರ ಬಾಯಲ್ಲಿ ಎರಡೂ ಭಾಷೆ ಒಂದೇ ಲೋಟದಲ್ಲಿರುತ್ತವೆ. ಅವರು ಯಾವ ಅರ್ಥದಲ್ಲಿ ಬರೆದರೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಡಮಣ್ಣಾಯರಿಗಂತೂ ಬೇಕಾಗಿರಲಿಲ್ಲ, ಅವರೂ ಅದೇ ಜಿಲ್ಲೆಯವರು. ಅವರು ಬರೆದದ್ದು: ಅರ್ಜಿದಾರರು ಹಕ್ಕನ್ನು ಕೇಳಿಲ್ಲ, ಅವಕಾಶವನ್ನಷ್ಟೇ ಬೇಡಿದ್ದಾರೆ. ಆದ್ದರಿಂದ ಅಧಿಕಾರಿಗೆ ಅಧಿಕಾರವಿಲ್ಲ.

ಕನ್ನಡ ಬಾರದ ಯಾವ ವಕೀಲನಾದರೂ ಮಲಯಾಳಕ್ಕೆ ಅನುವಾದ ಮಾಡಿಸಿ, ಅಲ್ಲಿ 'ಅವಕಾಶಂ' ಎಂದು ಓದಿ, ಅಧಿಕಾರವಿದೆ ಎಂದು ಬರೆದುಬಿಡುತ್ತಿದ್ದ. ಆ ಮಕ್ಕಳಿಗೆ ಮುಳುವಾದದ್ದು ಒಬ್ಬ ಕನ್ನಡಿಗನ ಕನ್ನಡ.

ನಾನು ಅವರ ಕೋಣೆಗೆ ನುಗ್ಗಿದೆ. ನುಗ್ಗಿದೆ ಎಂದು ಈಗ ಹೇಳುತ್ತೇನೆ. ಬಾಗಿಲು ತಟ್ಟಿಯೇ ಹೋಗಿರಬೇಕು.

"ಸಾರ್, ನಿಮ್ಮ ಊರಿನವರು ಆ ಪದವನ್ನು ಹೇಗೆ ಬಳಸ್ತಾರೆ ಅಂತ ನಿಮಗೆ ಗೊತ್ತಿಲ್ವಾ?"

"ಎಂತದು ಮಾರಾಯಾ, ಕನ್ನಡವನ್ನು ಕನ್ನಡದ ಹಾಗೆ ಓದಿದ್ದು ತಪ್ಪಾ? ಅವಕಾಶ ಅಂದ್ರೆ ಅವಕಾಶ. ಹಕ್ಕು ಬೇಕಾದವ ಹಕ್ಕು ಅಂತ ಬರೀಬೇಕು."

"ಮಕ್ಕಳು ಏನು ಮಾಡಬೇಕು ಸಾರ್?"

"ಅದು ಪ್ರಶ್ನೆಯಲ್ಲಿ ಇಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ನಿನ್ನ ಕಾಕ್ಕನಾಡ್ ಕನ್ನಡಕ್ಕೆ ಇಷ್ಟು ರೋಷ ಯಾವಾಗ ಬಂತು? ಮನೆಯಲ್ಲಿ ತಂಗಿ ನಿನಗೆ ಯಾವ ಭಾಷೆಯಲ್ಲಿ ಉತ್ತರ ಕೊಡ್ತಾಳೆ?"

ಮಲಯಾಳದಲ್ಲಿ ಕೊಡುತ್ತಿದ್ದಳು. ಅಪ್ಪನ ಬ್ಯಾಂಕಿನ ಕೆಲಸಕ್ಕಾಗಿ ಮೈಸೂರು ಬಿಟ್ಟು ಕೊಚ್ಚಿಯ ಕಾಕ್ಕನಾಡಿಗೆ ಬಂದ ಮನೆ ನಮ್ಮದು. ಅವರಿಗೆ ಅದು ಹೇಗೆ ಗೊತ್ತಾಯಿತೋ. ಬಹುಶಃ ನಾನೇ ಎಂದೋ ಹೇಳಿದ್ದೆ. ಬಾಗಿಲು ಎಳೆದುಕೊಂಡು ಹೊರಬಂದೆ.

ಲಲಿತಕ್ಕ ಕೊಚ್ಚಿಗೆ ಬಂದದ್ದು ಆಮೇಲೆ. ವರಾಂಡದಲ್ಲಿ ಅವರಿಗೆ ವಿಷಯ ತಿಳಿಸಬೇಕಾದವನು ನಾನೇ ಆದೆ. "ಅಲ್ಲ ತಮ್ಮಾ, ಅವಕಾಶ ಅಂದ್ರೆ ಅದೇ ಅಲ್ವಾ? ನಾವು ರೇಷನ್ ಅಂಗಡಿಯಲ್ಲಿ ಜಗಳ ಮಾಡುವಾಗ್ಲೂ ಅದನ್ನೇ ಹೇಳುವುದು. ಅಲ್ಲಿ ಅಕ್ಕಿ ಸಿಗ್ತದೆ," ಎಂದರು. ಮತ್ತೆ, "ನಿಮ್ಮ ಸಾರ್ ನಮ್ಮ ಶಾಲೆಯಲ್ಲೇ ಕಲಿತದ್ದು ಅಂತ ಊರಲ್ಲಿ ಹೇಳ್ತಾರೆ. ಸುಳ್ಳಿರಬೇಕು. ನಮ್ಮ ಶಾಲೆಯವ ಹೀಗೆ ಬರೀಲಿಕ್ಕಿಲ್ಲ," ಎಂದು ಚೀಲ ಎತ್ತಿಕೊಂಡರು.

ಹಕ್ಕು ಎಂದು ತಿದ್ದಿ ಬರೆದ ಮನವಿಯ ಮೇಲೂ, ಹಳೆಯ ಅಭಿಪ್ರಾಯಕ್ಕೆ ಹೆದರಿ, ಅಧಿಕಾರಿ ಏನೂ ಮಾಡಲಿಲ್ಲ. ಮೇಷ್ಟರು ಬದಲಾಗಲಿಲ್ಲ. ಶ್ರುತಿಗೆ ನರ್ಸ್ ಆಗಬೇಕೆಂದಿತ್ತು. ಗಣಿತದ ಗ್ರೇಡು ಕೈಕೊಟ್ಟು ಹನ್ನೊಂದನೆಯ ತರಗತಿಗೆ ವಿಜ್ಞಾನ ಸಿಗಲಿಲ್ಲ. ಈಗ ಅಮ್ಮನ ಅಂಗಡಿಯಲ್ಲಿ ಎರಡನೆಯ ಯಂತ್ರ ಅವಳದು.

ಕಡಮಣ್ಣಾಯರನ್ನು ಕೊನೆಯ ಸಲ ಕಂಡದ್ದು ತಿರುವನಂತಪುರದಲ್ಲಿ. ನಿವೃತ್ತಿಯ ನಂತರ ಅಲ್ಲೇ ಫ್ಲ್ಯಾಟು ಮಾಡಿಕೊಂಡು, ಇಲಾಖೆಗಳಿಗೆ ಖಾಸಗಿಯಾಗಿ ಅಭಿಪ್ರಾಯ ಬರೆಯುತ್ತಿದ್ದರು. ಸೆಕ್ರೆಟೇರಿಯಟ್ ಹತ್ತಿರದ ಚಾಯದ ಅಂಗಡಿಯಲ್ಲಿ ಬಾಳೆಹಣ್ಣಿನ ಪಳಂಪೊರಿ ತಿನ್ನುತ್ತ ನಿಂತಿದ್ದರು. ಎಡಗೈ ಲೋಟದ ಬಾಯನ್ನು ಮುಚ್ಚಿತ್ತು.

"ಓ, ಕಾಕ್ಕನಾಡ್ ಕನ್ನಡ! ಇನ್ನೂ ಕೋಪ ಉಂಟಾ?"

ಇಷ್ಟು ವರ್ಷ ಕೊರೆಯುತ್ತಿದ್ದ ಮಾತನ್ನು ಕೇಳಿಯೇಬಿಟ್ಟೆ. "ಸಾರ್, ನೀವು ಓದಿದ್ದು ಎಲ್ಲಿ?"

"ಮಂಗಳೂರಲ್ಲಿ," ಎಂದರು ತಕ್ಷಣ.

ಲಲಿತಕ್ಕನ ಊಹೆಯೇ ಸರಿ ಎಂದುಕೊಂಡೆ. ಆಟೋ ಹತ್ತಿ ಸ್ವಲ್ಪ ದೂರ ಹೋದ ಮೇಲೆ ಹೊಳೆಯಿತು, ನಾನು ಶಾಲೆ ಯಾವುದೆಂದು ಕೇಳಿರಲಿಲ್ಲ. ಮತ್ತೊಮ್ಮೆ ಕೇಳುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ನೋಡಲು ಹೋಗಲಿಲ್ಲ, ದುಃಖವೂ ಆಗಲಿಲ್ಲ.

ಕಳೆದ ವರ್ಷ ಕಾಸರಗೋಡಿಗೆ ಹೋದಾಗ ಆ ಶಾಲೆಗೆ ಹೋದೆ. ಸಹಿಯ ಹೊತ್ತಿನ ನಗು, ನಾನು ಕೋಣೆಗೆ ನುಗ್ಗಿದ್ದು, ಇವೆಲ್ಲ ನನ್ನ ಕಲ್ಪನೆಯೇ ಇರಬಹುದು. ಇದು ಮಾತ್ರ ಅಲ್ಲ. ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯಲ್ಲಿ, ಗಣಿತದಲ್ಲಿ ಶಾಲೆಗೆ ಮೊದಲಿಗರಾದವರ ಹಲಗೆಯಿದೆ. ಅದರ ಮೇಲಿನ ಸಾಲುಗಳಲ್ಲಿ ಹಳದಿ ಬಣ್ಣದ ಕನ್ನಡ ಅಕ್ಷರಗಳಲ್ಲಿ ಕಡಮಣ್ಣಾಯರ ಹೆಸರಿದೆ.